ಕಲೆಯಿಲ್ಲದ ತೋಳು

ಫೋಟೋ ಸ್ಟುಡಿಯೋದಲ್ಲಿ ಅವನನ್ನು ಎಲ್ಲರೂ ಒರೆಸಪ್ಪ ಎಂದೇ ಕರೆಯುತ್ತಿದ್ದರು. ಎಲ್ಲರೂ ಅಂದರೆ ಒಬ್ಬನೇ, ಸ್ಟುಡಿಯೋದ ಮಾಲೀಕ. ಅವರಿಬ್ಬರನ್ನು ಬಿಟ್ಟರೆ ಅಲ್ಲಿ ಮೂರನೆಯವರಿರಲಿಲ್ಲ. ಮಾಲೀಕ ಮುಂದಿನ ಕೋಣೆಯಲ್ಲಿ ಫೋಟೋ ತೆಗೆಯುತ್ತಿದ್ದ, ಒರೆಸಪ್ಪ ಹಿಂದಿನ ಕೋಣೆಯಲ್ಲಿ ಕಂಪ್ಯೂಟರಿನ ಮುಂದೆ ಕೂತು ತಿದ್ದುತ್ತಿದ್ದ. ಮೊಡವೆ, ಹಳೇ ಗಾಯದ ಗುರುತು, ಕಣ್ಣ ಕೆಳಗಿನ ಕಪ್ಪು, ಕತ್ತಿನ ನೆರಳು, ಹೀಗೆ ಊರಿನ ಮುಖಗಳ ಮೇಲಿದ್ದದ್ದೆಲ್ಲ ಇಪ್ಪತ್ತೆರಡು ವರ್ಷಗಳಿಂದ ಅವನ ಕೈಯಲ್ಲಿ ಅಳಿದುಹೋಗುತ್ತಿತ್ತು. ಜನ ಫೋಟೋ ನೋಡಿ ಹಿಗ್ಗಿ ಹೋಗುತ್ತಿದ್ದರು. ಮನೆಗೆ ಹೋಗಿ ಕನ್ನಡಿ ನೋಡಿಕೊಂಡಾಗ ಏನು ಮಾಡುತ್ತಿದ್ದರೋ, ಅದು ಸ್ಟುಡಿಯೋದ ತಲೆನೋವಲ್ಲ.

ಅವನಿಗೆ ನಲವತ್ತಾರು ವರ್ಷ. ಮದುವೆಯಾಗಿರಲಿಲ್ಲ, ಯಾಕೆ ಎಂದು ಕೇಳುತ್ತಿದ್ದವರೂ ಈಗ ಕೇಳುವುದನ್ನು ಬಿಟ್ಟಿದ್ದರು. ಸ್ಟುಡಿಯೋದಿಂದ ಹತ್ತು ನಿಮಿಷ ನಡೆದರೆ ಮೂರನೇ ಮಹಡಿಯಲ್ಲಿ ಅವನ ಕೋಣೆ. ಕೋಣೆಯಲ್ಲಿ ಎರಡು ಕುರ್ಚಿಗಳಿದ್ದವು. ಎರಡನೆಯದರ ಮೇಲೆ ಯಾರೂ ಕೂತದ್ದಿಲ್ಲವಾದ್ದರಿಂದ ಅದು ಬಟ್ಟೆ ಹಾಕುವ ಜಾಗವಾಗಿತ್ತು.

ಒಂದು ದಿನ ಗಡ್ಡ ಹೆರೆದುಕೊಳ್ಳುವಾಗ ಕತ್ತಿನ ಎಡಗಡೆ ಬೆರಳಿಗೆ ಒಂದು ಗಂಟು ಸಿಕ್ಕಿತು. ನೋವಿಲ್ಲ, ಉರಿಯಿಲ್ಲ, ರಬ್ಬರಿನ ಹಾಗೆ ಜಾರುತ್ತದೆ. ಅವನು ತಲೆಕೆಡಿಸಿಕೊಳ್ಳಲಿಲ್ಲ. ಎರಡು ತಿಂಗಳಲ್ಲಿ ಅಂಗಿಗಳು ಸಡಿಲವಾದವು, ಬೆಳಿಗ್ಗೆ ಎದ್ದರೆ ದಿಂಬು ಬೆವರಿನಲ್ಲಿ ತೊಯ್ದಿರುತ್ತಿತ್ತು, ಮೈಯೆಲ್ಲ ಕಾರಣವಿಲ್ಲದೆ ತುರಿಸುತ್ತಿತ್ತು. ಕೊನೆಗೆ ಮಾಲೀಕನೇ ಗದರಿಸಿ ಆಸ್ಪತ್ರೆಗೆ ಕಳಿಸಿದ.

ಡಾಕ್ಟರ್ ಕತ್ತನ್ನು ಮುಟ್ಟಿ ನೋಡಿದರು, ಕಂಕುಳನ್ನು ನೋಡಿದರು, ಮೊದಲು ಟಿಬಿ ಇದೆಯೇ ನೋಡೋಣ ಎಂದರು. ಮುಂದೋಳಿನ ಚರ್ಮದಡಿ ಸಣ್ಣ ಸೂಜಿಯಲ್ಲಿ ಒಂದು ಹನಿ ಮದ್ದು ಹಾಕಿ, ಪೆನ್ನಿನಿಂದ ಸುತ್ತ ಒಂದು ವೃತ್ತ ಬರೆದರು.

"ಮೂರನೇ ದಿನ ಬಂದು ತೋರ್ಸಿ. ಉಬ್ಬಿದ್ರೆ ಅಳೆದು ನೋಡ್ತೀವಿ."

ಆ ಮೂರು ದಿನ ಅವನು ಆ ವೃತ್ತವನ್ನು ಕಣ್ಣಲ್ಲಿ ಕಣ್ಣಿಟ್ಟು ಕಾದ. ಟೇಬಲ್ ಲ್ಯಾಂಪನ್ನು ಓರೆ ಮಾಡಿ, ಬೆಳಕು ಪಕ್ಕದಿಂದ ಬೀಳುವಂತೆ ಇಟ್ಟು ನೋಡಿದ. ಚರ್ಮದ ಮೇಲೆ ಸಾಸಿವೆಯಷ್ಟು ಉಬ್ಬಿದ್ದರೂ ಹಾಗೆ ನೋಡಿದರೆ ನೆರಳು ಕಾಣುತ್ತದೆ. ಏನೂ ಇರಲಿಲ್ಲ. ಕೆಂಪಿಲ್ಲ, ಊತವಿಲ್ಲ, ಸೂಜಿ ಚುಚ್ಚಿದ ಗುರುತೂ ಇಲ್ಲ. ಇಷ್ಟು ಚೊಕ್ಕವಾದ ಚರ್ಮ ತನ್ನ ಮುಂದೆ ಬಂದಿದ್ದರೆ ತಿದ್ದುವ ಕೆಲಸವೇ ಇರುತ್ತಿರಲಿಲ್ಲವಲ್ಲ ಎಂದು ಅವನಿಗೆ ಹೆಮ್ಮೆಯೂ ಆಯಿತು.

"ಏನೂ ಎದ್ದಿಲ್ಲ ನೋಡು," ಎಂದು ಮಾಲೀಕನಿಗೆ ತೋಳು ತೋರಿಸಿದ.

"ಬಿಡು ಮಾರಾಯ, ಗಂಡಾಂತರ ಕಳೀತು," ಎಂದ ಮಾಲೀಕ. ಇಬ್ಬರೂ ಸೇರಿ ಚಹಾ ಕುಡಿದರು.

ಡಾಕ್ಟರ್ ಮಾತ್ರ ತೋಳನ್ನು ಹಿಡಿದು ಬಹಳ ಹೊತ್ತು ನೋಡಿದರು. ಅವರ ಮುಖದಲ್ಲಿ ಸಂತೋಷದ ಸುಳಿವಿರಲಿಲ್ಲ.

"ಚೆನ್ನಾಗಿದೆ ಅಲ್ವಾ ಮೇಡಂ?"

"ಚೆನ್ನಾಗಿದೆ ಅಂತ ಯಾರು ಹೇಳಿದ್ರು? ಚಿಕ್ಕಂದಿನಲ್ಲಿ ನಿಮಗೆ ಟಿಬಿ ಲಸಿಕೆ ಹಾಕಿದಾರೆ, ಭುಜದ ಮೇಲೆ ಗುರುತಿದೆ. ಇಷ್ಟು ವರ್ಷ ಬಸ್ಸಲ್ಲಿ, ಸಂತೇಲಿ ಓಡಾಡಿದೀರಿ. ಈ ಮದ್ದು ಒಳಗೆ ಹೋದ್ರೆ ಮೈ ಒಂದಿಷ್ಟಾದ್ರೂ ಸಿಡುಕ್ಬೇಕು. ನಿಮ್ಮ ಮೈ ಮಾತೇ ಆಡ್ತಿಲ್ಲ, ಒಳಗಿನ ಕಾವಲು ಮಲಗಿದ ಹಾಗಿದೆ. ಇದೊಂದರಿಂದಲೇ ಏನೂ ಹೇಳಕ್ಕಾಗಲ್ಲ. ಆದ್ರೆ ಆ ಗಂಟು ತೆಗೆದು ನೋಡ್ಲೇಬೇಕು."

ಗಂಟು ತೆಗೆದರು. ಹತ್ತು ದಿನ ಬಿಟ್ಟು ಡಾಕ್ಟರ್ ತಮ್ಮ ಕಂಪ್ಯೂಟರನ್ನು ಅವನ ಕಡೆ ತಿರುಗಿಸಿ, ಸೂಕ್ಷ್ಮದರ್ಶಕದಲ್ಲಿ ತೆಗೆದ ಚಿತ್ರ ತೋರಿಸಿದರು. ನೇರಳೆ ಬಣ್ಣದ ಚುಕ್ಕೆಗಳ ಜಾತ್ರೆ. ನಡುವೆ ಒಂದು ದೊಡ್ಡ ಕೋಶ, ಎರಡು ಕಣ್ಣು ಬಿಟ್ಟುಕೊಂಡು ನೇರ ಅವನನ್ನೇ ನೋಡುತ್ತಿತ್ತು. ಆ ಕಣ್ಣು ನೋಡಿದರೆ ಕಾಯಿಲೆಯ ಹೆಸರು ಹೇಳಿಬಿಡಬಹುದು ಎಂದರು ಡಾಕ್ಟರ್. ಹಾಡ್ಜ್‌ಕಿನ್ ಲಿಂಫೋಮಾ. ಕ್ಯಾನ್ಸರಿನ ಒಂದು ಬಗೆ, ದೇಹದ ಕಾವಲು ಪಡೆಯಲ್ಲೇ ಹುಟ್ಟುವಂಥದ್ದು.

ಕ್ಯಾನ್ಸರ್ ಎಂಬ ಮಾತು ಅವನ ಕಿವಿಗೆ ಬಿತ್ತು. ಆದರೆ ಕಣ್ಣು ತನ್ನ ಕಸುಬು ಬಿಡಲಿಲ್ಲ.

"ಕೆಟ್ಟದ್ದು ಇದೊಂದೇನಾ ಮೇಡಂ? ಸುತ್ತ ನಿಂತಿರೋರೆಲ್ಲ ಯಾರು?"

ಚಿತ್ರದಲ್ಲಿ ಏನೇ ಇದ್ದರೂ ಅವನು ಅದನ್ನು ಜನ ಎಂದೇ ಲೆಕ್ಕ ಹಿಡಿಯುತ್ತಿದ್ದ. ಡಾಕ್ಟರ್ ನಕ್ಕರು.

"ಅವರೆಲ್ಲ ನಿಮ್ಮೋರೇ, ಕಾವಲಿನವರು. ಗಂಟಿನ ಬಹುಪಾಲು ಅವರೇ ಇರೋದು, ಕೆಟ್ಟ ಕೋಶ ನೂರಕ್ಕೆ ಒಂದೋ ಎರಡೋ. ಗಲಾಟೆ ಕೇಳಿ ಬಂದಿದಾರೆ, ಬಂದು ಸುಮ್ನೆ ನಿಂತ್ಬಿಟ್ಟಿದಾರೆ. ಇದು ಅವರನ್ನ ಮರುಳು ಮಾಡಿ ಕೂರ್ಸಿದೆ."

ಒರೆಸಪ್ಪ ಆ ಗುಂಪನ್ನು ನೋಡುತ್ತ ಕೂತ. ಅಷ್ಟೊಂದು ಜನ ಹೆಗಲಿಗೆ ಹೆಗಲು ತಾಗಿಸಿ ನಿಂತಿದ್ದರು, ಒಬ್ಬರೂ ಕೈ ಎತ್ತಿರಲಿಲ್ಲ.

"ಗಾಬರಿ ಆಗ್ಬೇಡಿ," ಎಂದರು ಡಾಕ್ಟರ್. "ಸ್ಕ್ಯಾನ್ ಪ್ರಕಾರ ಕತ್ತಲ್ಲಿ, ಎದೇಲಿ ಮಾತ್ರ ಇದೆ, ಕೆಳಗೆ ಇಳಿದಿಲ್ಲ. ಇದು ಗುಣ ಆಗೋ ಕಾಯಿಲೆ. ಹದಿನೈದು ದಿನಕ್ಕೊಂದು ಸಲ ಡ್ರಿಪ್ಪು, ಒಟ್ಟು ಆರು ತಿಂಗಳು. ಅಂದ ಹಾಗೆ, ಗಂಟು ಎಷ್ಟು ದಿನದಿಂದ ಇತ್ತು?"

"ಎರಡು ತಿಂಗಳು ಮೇಡಂ. ಬಹಳ ಅಂದ್ರೆ ಮೂರು."

ಅವನು ಸುಳ್ಳು ಹೇಳಲಿಲ್ಲ, ಅವನಿಗೆ ತಿಳಿದದ್ದೇ ಅಷ್ಟು. ಮಧ್ಯಾಹ್ನ ಸ್ಟುಡಿಯೋಗೆ ಬಂದು, ಆಸ್ಪತ್ರೆಯ ಕಾರ್ಡಿಗೆ ಒಂದು ಫೋಟೋ ಬೇಕೆಂದು ಹಳೆಯ ಕಡತಗಳನ್ನು ತೆರೆದ. ಹದಿನಾಲ್ಕು ತಿಂಗಳ ಹಿಂದೆ ಮಾಲೀಕ ಹೊಸ ಕ್ಯಾಮೆರಾ ತಂದಾಗ ಪರೀಕ್ಷೆಗೆಂದು ಅವನದೇ ಫೋಟೋ ತೆಗೆದಿದ್ದ. ಕಡತದಲ್ಲಿ ಎರಡು ಚಿತ್ರಗಳಿದ್ದವು: ತೆಗೆದದ್ದು ಒಂದು, ತಿದ್ದಿದ್ದು ಒಂದು. ತಿದ್ದಿದ್ದರಲ್ಲಿ ಕತ್ತು ನುಣ್ಣಗಿತ್ತು. ತೆಗೆದದ್ದರಲ್ಲಿ, ಕಾಲರಿನ ಮೇಲೆ ಎಡಗಡೆ, ಅವರೆಕಾಳಿನಷ್ಟು ಒಂದು ಉಬ್ಬು.

ನೆರಳು ಎಂದುಕೊಂಡು ಒರೆಸಿದ್ದ. ಒರೆಸಿದ್ದು ನೆನಪೂ ಇರಲಿಲ್ಲ. ದಿನಕ್ಕೆ ನಲವತ್ತು ಕತ್ತು ಒರೆಸುವವನಿಗೆ ತನ್ನದು ನಲವತ್ತೊಂದನೆಯದಾಗಿತ್ತು, ಅಷ್ಟೆ.

ಮಾಲೀಕ ಹಿಂದಿನಿಂದ ಬಗ್ಗಿ ನೋಡಿದ. "ಫೋಟೋ ತೆಗೆದೋನು ನಾನು. ನನಗೂ ಕಾಣ್ಲಿಲ್ವಲ್ಲೋ," ಎಂದು ಪೆಚ್ಚಾಗಿ ಮುಂದಿನ ಕೋಣೆಗೆ ಹೋದ.

ಅವನ ಮೇಲೆ ಒರೆಸಪ್ಪನಿಗೆ ಸಿಟ್ಟು ಬರಲಿಲ್ಲ. ಅವನು ಯೋಚಿಸಿದ್ದು ಬೇರೆ. ಮನೆಯಲ್ಲಿ ಇನ್ನೊಂದು ಜೀವ ಇದ್ದಿದ್ದರೆ, ಊಟಕ್ಕೆ ಎದುರು ಕೂತಾಗಲೋ ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುವಾಗಲೋ, ಏನದು ನಿನ್ನ ಕತ್ತಲ್ಲಿ ಎಂದು ಒಂದು ಮಾತು ಕೇಳಿರುತ್ತಿತ್ತು. ಹದಿನಾಲ್ಕು ತಿಂಗಳಲ್ಲಿ ಒಬ್ಬರೂ ಕೇಳಿರಲಿಲ್ಲ. ಅದು ಅವನಿಗೆ ಕಾಯಿಲೆಗಿಂತ ಹೆಚ್ಚು ಚುಚ್ಚಿತು.

ಮೊದಲ ಡ್ರಿಪ್ಪಿಗೆ ಮಾಲೀಕ ಅರ್ಧ ದಿನ ಸ್ಟುಡಿಯೋ ಮುಚ್ಚಿ ಬಂದ. ಜೊತೆಗಾರರ ಫಾರಂನಲ್ಲಿ ಅವನೇ ಸಹಿ ಹಾಕಿದ. ಆಮೇಲೆ ಡಾಕ್ಟರ್ ಬೆರಳು ಮಡಿಸಿ ಮಡಿಸಿ ಹೇಳಿದರು: ಈ ಮದ್ದು ಕೆಟ್ಟ ಕೋಶದ ಜೊತೆ ಒಳ್ಳೆಯ ಬಿಳಿ ರಕ್ತಕಣಗಳನ್ನೂ ಹೊಡೆಯುತ್ತದೆ, ವಾರ ಹತ್ತು ದಿನದ ಹೊತ್ತಿಗೆ ಮೈಗೆ ಕಾವಲೇ ಇರುವುದಿಲ್ಲ, ಜ್ವರ ನೂರು ಪಾಯಿಂಟ್ ನಾಲ್ಕು ದಾಟಿದರೆ ಒಂದು ಗಂಟೆಯೊಳಗೆ ಇಲ್ಲಿರಬೇಕು. ಅವನು ಎಲ್ಲದಕ್ಕೂ ತಲೆಯಾಡಿಸಿದ.

ಒಂಬತ್ತನೇ ದಿನ ಜ್ವರ ಬಂತು. ನೂರಾ ಒಂದೂವರೆ. ಯಾರನ್ನು ಕರೆಯುವುದು? ಮಾಲೀಕನ ಮಗಳಿಗೆ ಪರೀಕ್ಷೆ, ಪಕ್ಕದ ಕೋಣೆಯವರ ಹೆಸರೂ ಗೊತ್ತಿಲ್ಲ. ನೀರು ಕುಡಿದು ಮಲಗಿದರೆ ಇಳಿಯುತ್ತದೆ ಎಂದು ಅವನು ಮಲಗಿದ. ಒಂದು ಹಗಲು ಹೋಯಿತು. ಮರುದಿನ ಗೋಡೆ ಹಿಡಿದುಕೊಂಡು ಮೂರು ಮಹಡಿ ಇಳಿದು, ಬಸ್ಸು ಹತ್ತಿ, ಆಸ್ಪತ್ರೆಯ ಬಾಗಿಲಲ್ಲಿ ಕುಸಿದ.

ಐದು ದಿನ ಒಬ್ಬನನ್ನೇ ಒಂದು ಕೋಣೆಯಲ್ಲಿಟ್ಟರು. ಬಾಗಿಲಿಗೆ "ಭೇಟಿಗೆ ಬರುವವರಿಗೆ ಪ್ರವೇಶವಿಲ್ಲ" ಎಂದು ಫಲಕ ಹಾಕಿದ್ದರು. ಅದನ್ನು ಓದಿ ಅವನಿಗೆ ನಗು ಬಂತು. ತಡೆಯುವುದಕ್ಕಾದರೂ ಯಾರಾದರೂ ಬರಬೇಕಲ್ಲ. ಮಾಲೀಕ ದಿನಕ್ಕೊಮ್ಮೆ ಫೋನು ಮಾಡಿ, ಗಿರಾಕಿಗಳು ನಿನ್ನನ್ನೇ ಕೇಳ್ತಾರೆ ಎನ್ನುತ್ತಿದ್ದ. ಗಿರಾಕಿಗಳು ಕೇಳುತ್ತಿದ್ದದ್ದು ತಮ್ಮ ಫೋಟೋಗಳನ್ನು ಎಂಬುದು ಇಬ್ಬರಿಗೂ ಗೊತ್ತಿತ್ತು. ಅಲ್ಲಿದ್ದಾಗಲೇ ತಲೆಗೂದಲು ಗೊಂಚಲು ಗೊಂಚಲಾಗಿ ದಿಂಬಿನ ಮೇಲೆ ಉಳಿಯತೊಡಗಿತು.

ಮನೆಗೆ ಕಳಿಸುವ ದಿನ ಡಾಕ್ಟರ್ ಸಿಟ್ಟಾಗಿಯೇ ಇದ್ದರು.

"ಇನ್ನರ್ಧ ದಿನ ತಡ ಆಗಿದ್ರೆ ನೀವು ಇರ್ತಿರಲಿಲ್ಲ. ಸೋಮವಾರ ಎರಡನೇ ಡೋಸು. ಮನೇಲಿ ಜೊತೆಗಿದ್ದು ಜ್ವರ ನೋಡೋರು ಒಬ್ಬರು ಬಂದು ಸಹಿ ಹಾಕ್ಬೇಕು. ಇಲ್ಲ ಅಂದ್ರೆ ನಾನು ಮದ್ದು ಹಾಕಲ್ಲ. ಮದ್ದು ತಡ ಆದಷ್ಟೂ ಅದು ಮತ್ತೆ ಬೆಳೆಯುತ್ತೆ. ಯಾರೂ ಇಲ್ವಾ ನಿಮಗೆ?"

ಇದ್ದಳು. ಅಕ್ಕ ಇದ್ದಳು. ಅದೇ ಊರಿನ ಇನ್ನೊಂದು ತುದಿಯಲ್ಲಿ ಲಾಂಡ್ರಿ ನಡೆಸುತ್ತಿದ್ದಳು. ಮಾತು ಬಿಟ್ಟು ನಾಲ್ಕು ವರ್ಷವಾಗಿತ್ತು.

ಅಮ್ಮ ಸತ್ತಾಗ ಅಕ್ಕ ಒಂದು ದೊಡ್ಡ ಫೋಟೋ ಮಾಡಿಕೊಡು ಎಂದಿದ್ದಳು. ಅವನು ಮೂರು ದಿನ ಕೂತು, ತನ್ನ ವಿದ್ಯೆಯನ್ನೆಲ್ಲ ಧಾರೆ ಎರೆದು ಮಾಡಿದ. ಅಮ್ಮನ ಕೆನ್ನೆಯ ಮೇಲೆ ಬೆಂದ ಕಲೆಯಿತ್ತು. ಅದನ್ನೂ ತೆಗೆದು ಚರ್ಮವನ್ನು ಹೂವಿನಂತೆ ಮಾಡಿದ. ಅಕ್ಕ ಕಾಗದ ಬಿಚ್ಚಿ ನೋಡಿ, "ಇವರ್ಯಾರು?" ಎಂದಳು. ಆ ಕಲೆ ಬಂದದ್ದು ಕುದಿಯುವ ನೀರಿನ ಪಾತ್ರೆ ಅಕ್ಕನ ಮೇಲೆ ಬೀಳುವಾಗ ಅಮ್ಮ ಅಡ್ಡ ಬಂದದ್ದಕ್ಕೆ. "ಅದನ್ನ ಅಳಿಸೋಕೆ ನೀನ್ಯಾರೋ?" ಎಂದಳು. ಅವನಿಗೂ ರೇಗಿ ಬಾಯಿಗೆ ಬಂದದ್ದು ಆಡಿದ. ಆಮೇಲೆ ಇಬ್ಬರೂ ಒಬ್ಬರಿಗಿಂತ ಒಬ್ಬರು ಹಟಮಾರಿಗಳಾದರು. ಆ ಮನೆತನದಲ್ಲಿ ಅದೊಂದಕ್ಕೆ ಬರ ಇರಲಿಲ್ಲ.

ಶನಿವಾರ ಮಧ್ಯಾಹ್ನ ಅವನು ಫೋನು ಮಾಡಿದ. ಹೇಳಬೇಕಾದ್ದನ್ನು ಚೀಟಿಯಲ್ಲಿ ಬರೆದಿಟ್ಟುಕೊಂಡಿದ್ದ. ಆದರೂ ಬಾಯಿ ತೆರೆದಾಗ ಬಂದದ್ದು ಇಷ್ಟೇ:

"ಒಂದು ಸಹಿ ಬೇಕಿತ್ತು."

"ಯಾವ ಕಾಗದಕ್ಕೆ?" ಅಕ್ಕನ ದನಿ ಬಿಗಿಯಾಗಿತ್ತು. ಹಿಂದೆ ಇಸ್ತ್ರಿಯ ಹಬೆ ಬುಸ್ಸೆನ್ನುತ್ತಿತ್ತು.

"ಆಸ್ಪತ್ರೆಗೆ. ಕತ್ತಲ್ಲಿ ಗಂಟು. ಕ್ಯಾನ್ಸರ್ ಅಂದ್ರು. ಗುಣ ಆಗೋದೇ ಅಂತೆ, ಆದ್ರೆ ಜೊತೇಲಿ ಯಾರಾದ್ರೂ ಇರ್ಬೇಕಂತೆ. ಸೋಮವಾರ ಒಂಬತ್ತು ಗಂಟೆಗೆ."

ಹಬೆಯ ಸದ್ದು ನಿಂತಿತು.

"ಎಷ್ಟು ದಿನದಿಂದ ಇದೆ?"

"ಹದಿನಾಲ್ಕು ತಿಂಗಳು. ಫೋಟೋದಲ್ಲಿ ಕಂಡಿತ್ತು." ಅವನು ಚೀಟಿ ಮಡಿಸಿಟ್ಟ. "ನಾನೇ ಒರೆಸಿಬಿಟ್ಟೆ."

"ಯಾವ ಆಸ್ಪತ್ರೆ?" ಎಂದಳು. ಹೇಳಿದ. "ಅಂಗಡೀಲಿ ಜನ ಇದಾರೆ," ಎಂದು ಫೋನು ಇಟ್ಟಳು. ಬರುತ್ತೇನೆ ಎನ್ನಲಿಲ್ಲ, ಬರುವುದಿಲ್ಲ ಎನ್ನಲೂ ಇಲ್ಲ. ಭಾನುವಾರ ಪೂರ್ತಿ ಅವನು ಆ ಮಾತುಗಳನ್ನೇ ತಿರುವಿ ಹಾಕುತ್ತ ಕಳೆದ.

ಸೋಮವಾರ ಒಂಬತ್ತಕ್ಕೆ ಮುಂಚೆಯೇ ಮಾಸ್ಕು ಹಾಕಿಕೊಂಡು ಹೋಗಿ ಕೂತ. ಡ್ರಿಪ್ಪು ಹಾಕುವ ಹಾಲಿನಲ್ಲಿ ಎಂಟು ಕುರ್ಚಿಗಳು, ಪ್ರತಿ ಕುರ್ಚಿಯ ಪಕ್ಕ ಒಂದು ಸ್ಟೂಲು. ಏಳು ಸ್ಟೂಲುಗಳಲ್ಲಿ ಹೆಂಡತಿಯೋ ಮಗನೋ ತಾಯಿಯೋ ಕೂತಿದ್ದರು. ಒಂಬತ್ತೂವರೆ ಆಯಿತು. ಹತ್ತು ಆಯಿತು. ನರ್ಸು ಎರಡು ಸಲ ಬಂದು ಬಾಗಿಲ ಕಡೆ ನೋಡಿ ಹೋದಳು. ಮೂರನೇ ಸಲ ಬಂದಾಗ ಮೆಲ್ಲಗೆ ಹೇಳಿದಳು, "ಇನ್ನು ಹತ್ತು ನಿಮಿಷ ನೋಡ್ತೀನಿ. ಆಮೇಲೆ ಈ ಕುರ್ಚಿ ಬೇರೆಯವರಿಗೆ ಕೊಡ್ಬೇಕು."

ಅವನು ಆಗಲಿ ಎಂದ. ಚೀಲ ತೊಡೆಯ ಮೇಲಿಟ್ಟುಕೊಂಡು ಎದ್ದು ಹೋಗಲು ತಯಾರಾದ. ಅಳು ಬರುವಂತಾಗಿ, ಮಾಸ್ಕು ಇರುವುದು ಒಳ್ಳೆಯದೇ ಆಯಿತು ಎಂದುಕೊಂಡ.

ಅಕ್ಕ ಬಂದಾಗ ಅವನು ನೆಲ ನೋಡುತ್ತಿದ್ದ. ಮೊದಲು ಕಂಡದ್ದು ಅವಳ ಚಪ್ಪಲಿ. ನಾಲ್ಕು ವರ್ಷದಲ್ಲಿ ಕೂದಲು ಬೆಳ್ಳಗಾಗಿತ್ತು. ಕೈಯಲ್ಲಿ ಬಟ್ಟೆಯ ದೊಡ್ಡ ಗಂಟಿತ್ತು, ಹಾಸಿಗೆ ಸಮೇತ ಬಂದವಳ ಹಾಗೆ. ಅವಳು ಅವನ ಬೋಳುತಲೆ ನೋಡಿದಳು, ಕಣ್ಣು ನೋಡಿದಳು. ಹೇಗಿದ್ದೀಯ ಎಂದು ಕೇಳಲಿಲ್ಲ.

"ಎಲ್ಲಿ?" ಎಂದಳು.

ಅವನು ಕಾಲರು ಸರಿಸಿದ. ಹೊಲಿಗೆಯ ಗೆರೆ, ಅದರ ಕೆಳಗೆ ಇನ್ನೂ ಉಳಿದಿದ್ದ ಸಣ್ಣ ಊತ. ಅಕ್ಕ ಬಗ್ಗಿ, ಇಸ್ತ್ರಿಯ ಬಿಸಿಗೆ ಜಡ್ಡುಗಟ್ಟಿದ ಬೆರಳಿನಿಂದ ಅದನ್ನು ಮುಟ್ಟಿದಳು. ಡಾಕ್ಟರುಗಳನ್ನು ಬಿಟ್ಟರೆ ಅಲ್ಲಿ ಇನ್ಯಾರೂ ಮುಟ್ಟಿರಲಿಲ್ಲ.

"ಬಸ್ಸು ಎರಡು ಬದಲಾಯಿಸಬೇಕು ಇಲ್ಲಿಗೆ. ಹೇಳೋಕೇನಾಗಿತ್ತು ರೋಗ ನಿಂಗೆ," ಎಂದಳು. ಆಡಿದ ಮಾತು ಕಿವಿಗೆ ಬಿದ್ದು ನಾಲಿಗೆ ಕಚ್ಚಿಕೊಂಡಳು. ಅವನು ಮಾಸ್ಕಿನ ಒಳಗೆ ನಕ್ಕ.

ನರ್ಸು ಫಾರಂ ಹಿಡಿದು ಬಂದಳು. ಅಕ್ಕ ಸ್ಟೂಲಿನ ಮೇಲೆ ಕೂತು, ಹೆಸರು ಹೇಳಿದಳು, ವಿಳಾಸ ಹೇಳಿದಳು, ಫೋನ್ ನಂಬರು ಹೇಳಿದಳು. ಅವಳ ಬೆರಳು ಇನ್ನೂ ತಮ್ಮನ ಕತ್ತಿನ ಮೇಲೇ ಇತ್ತು.

"ಇವರು ನಿಮಗೆ ಏನಾಗ್ಬೇಕು?" ಎಂದು ಕೇಳಿದಳು ನರ್ಸು.

"ವಾಸಿಯಾಗ್ಬೇಕು," ಎಂದಳು ಅಕ್ಕ.

ನರ್ಸಿಗೆ ಅದನ್ನು ಯಾವ ಜಾಗದಲ್ಲಿ ಬರೆಯುವುದೋ ತಿಳಿಯಲಿಲ್ಲ. ಪೆನ್ನು ಎತ್ತಿಕೊಂಡು ಇಬ್ಬರ ಮುಖವನ್ನೂ ನೋಡಿದಳು.

"ಅಕ್ಕ," ಎಂದ ಅವನು. ಮಾಸ್ಕಿನೊಳಗಿಂದ ಸರಿಯಾಗಿ ಕೇಳಿಸದೆ ಇನ್ನೊಂದು ಸಲ ಹೇಳಬೇಕಾಯಿತು. "ಅಕ್ಕ ಅಂತ ಬರ್ಕೊಳ್ಳಿ."