ಅವ್ವ ಬಿಡುಗಡೆ ಮಾಡಿದ ಪುಸ್ತಕ

ಸೊರಬದಲ್ಲಿ ನನ್ನ ಪ್ರವಾಸ ಪ್ರಬಂಧಗಳ ಪುಸ್ತಕ ಬಿಡುಗಡೆಯಾಗಬೇಕಿದ್ದ ದಿನ, ಜ್ವರ ಬಂದಿದೆಯೆಂದು ಮುಖ್ಯ ಅತಿಥಿ ಫೋನ್ ಮಾಡಿದರು. ಸಭಾಂಗಣ ಆಗಲೇ ತುಂಬಿತ್ತು. ಶಿಕಾರಿಪುರದಿಂದ ನನ್ನ ಜೊತೆ ಬಂದಿದ್ದ ಅವ್ವ ಮುಂದಿನ ಸಾಲಿನಲ್ಲಿ ಕೂತಿದ್ದಳು.

“ನಮ್ಮವ್ವನೇ ಬಿಡುಗಡೆ ಮಾಡ್ಲಿ,” ಎಂದೆ.

ಸಂಘಟಕ ಪ್ರದೀಪ್ ತಡವರಿಸಿದರು. “ಮೇಡಂ, ಅವರಿಗೆ ಓದೋಕೆ ಬರಲ್ಲ ಅಂದಿದ್ರಿ...”

“ಬರಲ್ಲ ರೀ. ಆದರೆ ಇದರಲ್ಲಿರೋ ಊರೆಲ್ಲ ನನ್ನ ಜೊತೆ ಸುತ್ತಿದಾಳೆ, ಬರೆದದ್ದನ್ನೆಲ್ಲ ನನ್ನಿಂದ ಓದಿಸಿ ಕೇಳಿದಾಳೆ.”

ಅವ್ವ ಅಳುಕಲಿಲ್ಲ. ಸೆರಗು ಸರಿಮಾಡಿಕೊಂಡು ವೇದಿಕೆ ಹತ್ತಿದಳು, ಪುಸ್ತಕಕ್ಕೆ ಸುತ್ತಿದ್ದ ಕಾಗದ ಬಿಚ್ಚಿ ಮೈಕಿನ ಮುಂದೆ ನಿಂತಳು.

“ಬಳ್ಳಿಗಾವಿ ಗುಡಿಯೊಳಗೆ ಬರೀ ಮೌನ ಐತೆ ಅಂತ ಇವಳು ಬರದಾಳೆ. ನಾವು ಹೋದಾಗ ಅಲ್ಲಿ ಹುಡುಗ್ರು ಕಂಬದ ಸುತ್ತ ಮುಟ್ಟಾಟ ಆಡ್ತಿದ್ರು. ದೇವರಿಗೂ ಅದೇ ಇಷ್ಟ ಆಗಿರ್ಬೇಕು. ಅದನ್ನ್ಯಾಕೆ ಬಿಟ್ಟೆ?”

ಸಭೆ ಗೊಳ್ಳೆಂದು ನಕ್ಕಿತು. ನಾನೂ ಬಿಟ್ಟುಕೊಡಲಿಲ್ಲ.

“ಅವರು ಹೋದಮೇಲಿನ ಮೌನ ಅವ್ವ ಅದು. ಆಗ ನೀನು ಹೊರಗೆ ಕೂತು ಮಂಡಕ್ಕಿ ತಿಂತಿದ್ದೆ.”

“ಹಂಗಾರೆ ಇಬ್ರದ್ದೂ ನಿಜ,” ಎಂದು ಅವ್ವ ಪುಸ್ತಕವನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದಳು.

ಚಪ್ಪಾಳೆಯ ನಡುವೆಯೇ ಪ್ರದೀಪ್ ನನ್ನ ಕಡೆ ಬಾಗಿ ಕೇಳಿದರು: “ಮುಂದಿನ ವರ್ಷದ ಕಾರ್ಯಕ್ರಮಕ್ಕೂ ಅಮ್ಮನವರು ಬರ್ತಾರಾ?”