ನೀಲಿಯಾದ ಹತ್ತಿ

"ಹತ್ತು ನಿಮಿಷ ಅಡ್ಡಾಡ್ರಿ. ಕೂಡಬ್ಯಾಡ್ರಿ," ಎಂದು ಡಾಕ್ಟರ್ ಪೂರ್ಣಿಮಾ ಹೇಳಿದ ಮೇಲೆ ಕರೆವ್ವ ಜಮಖಂಡಿಯ ಆ ಸಣ್ಣ ದವಾಖಾನೆಯ ಪಡಸಾಲೆಯಲ್ಲಿ ಗೋಡೆ ಹಿಡಿದು ನಡೆಯತೊಡಗಿದಳು. ಹೊಟ್ಟೆಯೊಳಗಿನ ಮೂತ್ರದ ಚೀಲಕ್ಕೆ ನಳಿಗೆಯಿಂದ ನೀಲಿ ನೀರು ತುಂಬಿ, ಕೆಳಗೆ ಹತ್ತಿ ಇಟ್ಟಿದ್ದರು. ಹತ್ತಿ ನೀಲಿಯಾದರೆ ಚೀಲಕ್ಕೆ ತೂತು ಬಿದ್ದಿದೆ ಎಂದರ್ಥ; ತೂತಾದರೆ ಹೊಲಿಯಲು ಬರುತ್ತದೆ.

ಗರ್ಭಕೋಶ ತೆಗೆಸಿ ಆರು ತಿಂಗಳಾಗಿತ್ತು. ಹದಿನೈದು ದಿನಕ್ಕೇ ಶುರುವಾದ ಮೂತ್ರದ ಹನಿ ಇನ್ನೂ ನಿಂತಿರಲಿಲ್ಲ. ಬನಹಟ್ಟಿಯ ಅವರ ಮನೆಯಲ್ಲಿ ಮೈ ಮಡಿಯಿಲ್ಲದೆ ಯಾರೂ ಮಗ್ಗ ಮುಟ್ಟುವುದಿಲ್ಲ. ಮೂವತ್ತು ವರ್ಷ ನೇಯ್ದವಳು ತಾನಾಗಿಯೇ ದೂರ ಸರಿದಳು; ಕೇಳಿದವರಿಗೆ ನಡ ನೋವು ಎಂದಳು. ಗೆಳತಿ ಸೋಮವ್ವನೊಬ್ಬಳಿಗೆ ಹೇಳಿದ್ದಕ್ಕೆ, "ಅದನ್ನ ತಗದ ಮ್ಯಾಲೆ ಹೆಂಗಸರ ಮೈ ಸಡಿಲ ಆಗೂದ ಬೇ. ಯಾರ ಮುಂದೂ ಅನ್ನಬ್ಯಾಡ," ಎಂದಿದ್ದಳು. ಸೊಸೆ ಪ್ರತಿಮಾ ಇವತ್ತು ಕರೆತಂದದ್ದೂ ನಡ ನೋವಿಗೇ.

"ಅತ್ತಿ, ಪಹರೆ ಮಾಡಾಕತ್ತೀರೇನ್ರಿ? ಬರ್ರಿ, ಕೂಡ್ರಿ," ಬೆಂಚಿನ ಮೇಲಿಂದ ಪ್ರತಿಮಾ ನಕ್ಕಳು.

"ನೀ ಕೂಡು. ನನಗ ಅಡ್ಡಾಡು ಅಂದಾರ."

ಹತ್ತು ನಿಮಿಷವಾದ ಮೇಲೆ ಒಳಗೆ ಡಾಕ್ಟರು ಹತ್ತಿ ತೆಗೆದರು; ತೋರಿಸಿ ಎಂದು ಕರೆವ್ವ ಕೇಳಿದಳು. ನೂಲಿನ ಬಣ್ಣ ನೋಡುವವಳ ಹಾಗೆ ಕಣ್ಣು ಕಿರಿದು ಮಾಡಿದಳು.

"ಛಲೋ ಹಿಡದೈತಿ ಬಿಡ್ರಿ."

ಡಾಕ್ಟರಿಗೆ ನಗು ಬಂತು. "ನೀವು ಅಂದಂಗ ಮೈ ಸಡಿಲ ಆಗಿಲ್ಲ. ಆಪರೇಶನ್‌ದಾಗ ಗಾಯ ಆಗೇತಿ. ಸಾವಿರದಾಗ ಒಬ್ಬರಿಗೋ ಇಬ್ಬರಿಗೋ ಹಿಂಗ ಆಗತೈತಿ. ಬೆಳಗಾವಿಗೆ ಹೋಗಿ ಹೊಲಿಸ್ಕೋರಿ. ಮನ್ಯಾಗ ಹೇಳ್ರಿ ಮೊದಲ."

"ಹೇಳಾಕ ಬೇಕೇನ್ರಿ?"

"ನಳಿ ಹಾಕ್ಕೊಂಡು ಎರಡು ವಾರ ಮಲಗಬೇಕು. ಯಾರು ನೋಡ್ಕೋಬೇಕು ನಿಮ್ಮನ್ನ?"

ಬಸ್ಸಿನಲ್ಲಿ ಪ್ರತಿಮಾ ಜಾಗ ಹಿಡಿದಿದ್ದಳು. ಕರೆವ್ವ ಕಂಬಿ ಹಿಡಿದು ನಿಂತೇ ಇದ್ದಳು.

"ಕೂಡ್ರಿ ಅತ್ತಿ, ನಡಾ ನೊಂದೀತು."

"ನಡಾ ಅಲ್ಲ ಬೇ ಅದು." ಬಾಗಿ, ಸೊಸೆಯ ಕಿವಿಯ ಹತ್ತಿರ ಎಲ್ಲವನ್ನೂ ಹೇಳಿದಳು. ಹೇಳಲು ಹೆಚ್ಚು ಹೊತ್ತು ಬೇಕಾಗಲಿಲ್ಲ.

"ಆರು ತಿಂಗಳ?" ಪ್ರತಿಮಾಳ ದನಿ ಸಣ್ಣಗಾಯಿತು. "ಒಂದ ಮನ್ಯಾಗ ಅದೇವಲ್ಲರಿ."

"ನಾ ನಿಂತಿರತೇನಿ. ನಿನ್ನ ಸೀರಿ ತೊಯ್ದೀತು."

ಪ್ರತಿಮಾ ಅತ್ತೆಯ ರಟ್ಟೆ ಹಿಡಿದು ಎಳೆದು ಪಕ್ಕದಲ್ಲಿ ಕೂಡಿಸಿಕೊಂಡಳು.

ಜಮಖಂಡಿ ಹಿಂದೆ ಬೀಳುವಷ್ಟರಲ್ಲಿ, ನಸುಕಿಗೇ ಎದ್ದಿದ್ದ ಪ್ರತಿಮಾಳಿಗೆ ನಿದ್ದೆ ಹತ್ತಿತು. ತಲೆ ಅತ್ತೆಯ ಭುಜಕ್ಕೆ ವಾಲಿತು. ಕೆಳಗೆ ಒದ್ದೆ ಮೆಲ್ಲಗೆ ಹರಡುತ್ತ ಸೊಸೆಯ ಸೀರೆಯ ಕಡೆಗೆ ಹೋಗುತ್ತಿತ್ತು. ಸರಿದರೆ ಅವಳಿಗೆ ಎಚ್ಚರವಾಗುತ್ತದೆ. ಕರೆವ್ವ ಮಿಸುಕಾಡದೆ, ಎದುರಿಗೆ ಬರುತ್ತಿದ್ದ ಕಬ್ಬಿನ ಟ್ರ್ಯಾಕ್ಟರುಗಳನ್ನು ನೋಡುತ್ತ ಕೂತಳು.