ಸರಿಯದ ಕಂಬ

ಊರಿನ ಹಿಂದಿನ ಗುಡ್ಡದ ಮೇಲೆ ಒಂದು ಕಾಂಕ್ರೀಟ್ ಕಂಬ, ಅದರ ನೆತ್ತಿಯಲ್ಲಿ ಅಣಬೆಯಂಥ ಬಿಳಿ ಆಂಟೆನಾ. ಉಪಗ್ರಹಗಳ ಸಂಕೇತ ಹಿಡಿದು, ನೆಲ ವರ್ಷಕ್ಕೆ ಎಷ್ಟು ಸರಿಯಿತೆಂದು ಹೇಳುವುದು ಅದರ ಕೆಲಸ. ಆ ಕಂಬದ ಉಸ್ತುವಾರಿಯ ಭೂವಿಜ್ಞಾನಿಗೆ ಅವಳ ಭಾವ ಇಟ್ಟ ಹೆಸರು ಮಿಲಿಮೀಟರ್.

ದೂರದ ಕಂಬಗಳೆಲ್ಲ ವರ್ಷಕ್ಕೆ ಎರಡು ಬೆರಳಗಲ ಸರಿಯುತ್ತಿದ್ದವು. ಇದೊಂದು ಮಾತ್ರ ಹಟ ಹಿಡಿದ ಎತ್ತಿನಂತೆ ನಿಂತಿತ್ತು. ಅಂದರೆ ಊರಿನಡಿಯ ಬಿರುಕು ಬಿಗಿದುಕೊಂಡಿದೆ, ಒಳಗೆ ಒತ್ತಡ ತುಂಬುತ್ತಿದೆ, ಒಂದು ದಿನ ಭೂಕಂಪ ಆಗಲೇಬೇಕು. ಮೇಲಧಿಕಾರಿಗೆ ವರದಿ ಕೊಟ್ಟಳು.

"ದಿನಾಂಕ ಹೇಳಿ, ಊರು ಖಾಲಿ ಮಾಡಿಸೋಣ," ಎಂದರು ಅವರು.

ದಿನಾಂಕ ಅವಳ ಬಳಿ ಇರಲಿಲ್ಲ. ಯಾರ ಬಳಿಯೂ ಇರಲಿಲ್ಲ.

ಅಕ್ಕನ ಮನೆ ಆ ಊರಲ್ಲೇ, ನಾಲ್ಕು ಅಂತಸ್ತಿನ ಹಳೇ ಕಟ್ಟಡದ ನೆಲಮಹಡಿಯಲ್ಲಿ. ಮುಂದುಗಡೆ ಭಾವನ ಟೈಲರ್ ಅಂಗಡಿ. ಕೈಕಾಲು ಹಿಡಿದು ಇಬ್ಬರನ್ನೂ ತಾನಿದ್ದ ನಗರಕ್ಕೆ ಕರೆತಂದಳು. ವರ್ಷ ಕಳೆಯಿತು, ನೆಲ ಮಿಸುಕಲಿಲ್ಲ. ಬಾಡಿಗೆ ಕೋಣೆಯ ಮೂಲೆಯಲ್ಲಿ ಹೊಲಿಗೆ ಯಂತ್ರ ಧೂಳು ತಿನ್ನುತ್ತಿತ್ತು. ಹಳೇ ಗಿರಾಕಿಗಳು ಬೇರೆಯವರ ಪಾಲಾದರು.

"ಯಾವಾಗ ಆಗತ್ತೆ ಹೇಳು, ಅಲ್ಲೀವರೆಗೂ ಇರ್ತೀವಿ," ಅಕ್ಕ ಕೇಳಿದಳು.

"ನಾಳೆನೇ ಆಗಬಹುದು. ನಮ್ಮ ಕಾಲ ಮುಗಿದ ಮೇಲೂ ಆಗಬಹುದು."

"ಅಂದ್ರೆ ನಿಂಗೂ ಗೊತ್ತಿಲ್ಲ."

"ಆಗೇ ಆಗತ್ತೆ ಅನ್ನೋದು ಗೊತ್ತು ಅಕ್ಕ."

"ಒಂದಿನ ಸಾಯ್ತೀವಿ ಅನ್ನೋದು ನಂಗೂ ಗೊತ್ತು ಕಣೇ. ಅದಕ್ಕೆ ನಿನ್ನ ಕಂಬ ಬೇಕಾ?"

ಆ ವಾರವೇ ಗಂಟುಮೂಟೆ ಕಟ್ಟಿದರು. ತಂಗಿ ತಡೆಯಲಿಲ್ಲ, ಗಂಟು ಕಟ್ಟಲು ಕೈಜೋಡಿಸಿದಳು. ಭಾವ ಯಂತ್ರವನ್ನು ಲಾರಿಗೆ ಏರಿಸಿ, ಎಷ್ಟೋ ದಿನಗಳ ಮೇಲೆ ಸಿಳ್ಳೆ ಹಾಕಿದ.

ಮರುವರ್ಷದ ಮಳೆಗಾಲದಲ್ಲಿ, ಜನ ಊಟಕ್ಕೆ ಕೂತ ಹೊತ್ತಿಗೆ, ಬಿರುಕು ಜಾರಿತು.

ಅವಳು ಬಂದು ಮುಟ್ಟುವಷ್ಟರಲ್ಲಿ ನಾಲ್ಕೂ ಅಂತಸ್ತು ಒಂದರ ಮೇಲೊಂದು ಕುಸಿದು ಕೂತಿದ್ದವು. ಭಾವನ ಹೆಣವನ್ನು ಹೊರತೆಗೆದಾಗ ಕೊರಳಲ್ಲಿ ಅಳತೆಪಟ್ಟಿ ಇನ್ನೂ ಜೋತಾಡುತ್ತಿತ್ತು. ಹೊದಿಸಲು ಅವಳು ಬಟ್ಟೆ ಹುಡುಕುವಾಗ ಮೇಲಧಿಕಾರಿಯ ಫೋನ್ ಬಂತು.

"ನಿಮ್ಮ ಕಂಬ ಒಂದೂವರೆ ಮೀಟರ್ ಸರಿದಿದೆ. ನೀವು ಹೇಳಿದ್ದೇ ನಿಜವಾಯ್ತು."

ಅವಳು ಫೋನ್ ಇಟ್ಟಳು. ತನ್ನ ಮಾತು ಸುಳ್ಳಾಗಲೆಂದು ಇಷ್ಟು ದಿನ ಒಳಗೊಳಗೇ ಬೇಡಿಕೊಂಡಿದ್ದು ಆಗಷ್ಟೇ ಅವಳಿಗೆ ಹೊಳೆಯಿತು.

ಶಾಲೆಯ ಮೈದಾನದಲ್ಲಿ ಹಾಕಿದ್ದ ಆಸ್ಪತ್ರೆಯ ಟೆಂಟಿನಲ್ಲಿ ಅಕ್ಕ ಮಲಗಿದ್ದಳು. ಸಂತೆಯಿಂದ ಬರುವ ದಾರಿಯಲ್ಲಿ ಗೋಡೆ ಬಿದ್ದು ಕಾಲು ಮುರಿದಿತ್ತು, ಜೀವ ಉಳಿದಿತ್ತು. ತಂಗಿಯನ್ನು ಕಂಡು ತಲೆ ಎತ್ತಿದಳು.

"ನಿಂಗೆ ಗೊತ್ತಿತ್ತು."

"ಗೊತ್ತಿತ್ತು ಅಕ್ಕ."

"ಮತ್ತೆ ಯಾಕೆ ಹೋಗೋಕೆ ಬಿಟ್ಟೆ? ಬಾಗಿಲಿಗೆ ಅಡ್ಡ ನಿಲ್ಲಬೇಕಿತ್ತು."

ತಂಗಿ ಕೈ ಹಿಡಿಯಲು ಹೋದಳು. ಅಕ್ಕ ಕೈ ಎಳೆದುಕೊಂಡು ಮುಖ ಹೊರಳಿಸಿದಳು.